ತೋಟದ ನೆರಳೂ ಭೂಮಿಯ ಗೋಳಾರ್ಧಗಳೂ

ಮಾದಾಪುರದ ಕಡೆಯ ತೋಟವೊಂದರಲ್ಲಿ ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಕಾಫಿ ಗಿಡಗಳು ಒಂದೇ ಪಕ್ಕದಲ್ಲಿ ಸುಟ್ಟು ಹೋದುವು. ಉತ್ತರದ ಬಿಸಿಲೇ ಕಡುಬಿಸಿಲೆಂದು ಬ್ರೆಜಿಲ್ ದೇಶದ ಪುಸ್ತಕವೊಂದರಲ್ಲಿ ಓದಿದ ಯಜಮಾನರು ಉತ್ತರದ ಮರಗಳನ್ನು ದಟ್ಟವಾಗಿ ಉಳಿಸಿ, ದಕ್ಷಿಣದ ಅಂಚನ್ನು ತೆರವು ಮಾಡಿಸಿದ್ದರು. ಪುಸ್ತಕದಲ್ಲಿ ತಪ್ಪಿರಲಿಲ್ಲ, ಅದು ಭೂಮಿಯ ಇನ್ನೊಂದು ಅರ್ಧಕ್ಕಾಗಿ ಬರೆದುದು. ಊರ ತಕ್ಕರೂ ಜಮೀನುದಾರರೂ ಇದರ ಕಾರಣವನ್ನು ತಿಳಿದಿರುವುದು ಅವಶ್ಯ.

ಭೂಮಿಯ ಅಚ್ಚು ಸುಮಾರು 23½ ಡಿಗ್ರಿ ಓರೆಯಾಗಿದೆ. ಆದುದರಿಂದ ಜೂನ್ ತಿಂಗಳಲ್ಲಿ ಉತ್ತರಾರ್ಧಗೋಳವೂ ಡಿಸೆಂಬರಿನಲ್ಲಿ ದಕ್ಷಿಣಾರ್ಧಗೋಳವೂ ಸೂರ್ಯನ ಕಡೆಗೆ ಬಾಗಿರುವುವು. ಸೂರ್ಯನು ಸಮೀಪವಾದಾಗ ಬೇಸಿಗೆಯಾಗುವುದೆಂದು ಹಲವರು ನಂಬುವರು. ವಾಸ್ತವವಾಗಿ ಭೂಮಿಯು ಅವನಿಗೆ ಅತಿ ಸಮೀಪವಾಗಿರುವುದು ಜನವರಿ ಮೊದಲ ವಾರದಲ್ಲಿ, ನಾವು ಚಳಿ ಕಾಯಿಸಿಕೊಳ್ಳುವ ದಿನಗಳಲ್ಲಿ! ನಮ್ಮ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ಬ್ರೆಜಿಲಿನವರದು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ. ಆ ಪುಸ್ತಕಗಳ ತಿಂಗಳುಗಳೂ ದಿಕ್ಕುಗಳೂ ನಮಗೆ ತಲೆಕೆಳಗು.

ಮಾದಾಪುರವು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12½ ಡಿಗ್ರಿಯಲ್ಲಿದೆ. ಏಪ್ರಿಲ್ 23ರ ಸುಮಾರಿಗೂ ಆಗಸ್ಟ್ 20ರ ಸುಮಾರಿಗೂ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬರುವನು. ನೆಟ್ಟ ಗೂಟಕ್ಕೆ ನೆರಳೇ ಇರದು. ಈ ಎರಡು ದಿನಗಳ ನಡುವೆ ಅವನು ಉತ್ತರಕ್ಕಿದ್ದರೂ ಬಹುಕಾಲ ಮುಂಗಾರಿನ ಮೋಡವು ಗಿಡಗಳನ್ನು ಕಾಯುವುದು. ಉಳಿದ ಎಂಟು ತಿಂಗಳು ಅವನು ದಕ್ಷಿಣಕ್ಕಿರುವನು. ಮಳೆಯಿಲ್ಲದ ಜನವರಿಯಿಂದ ಏಪ್ರಿಲಿನವರೆಗೆ, ಮಧ್ಯಾಹ್ನದ ಮೇಲೆ ಅವನು ಪಶ್ಚಿಮಕ್ಕೂ ನೈರುತ್ಯಕ್ಕೂ ಇಳಿಯುವ ಹೊತ್ತಿಗೆ ಗಾಳಿಯೂ ಮಣ್ಣೂ ಕಾದಿರುವುವು. ಗಿಡ ಸುಡುವುದು ಆಗಲೇ.

ಆದುದರಿಂದ ದಕ್ಷಿಣ ಮತ್ತು ಪಶ್ಚಿಮದ ಅಂಚಿನ ನೆರಳನ್ನು ಎಂದಿಗೂ ತೆಗೆಯಿಸಬಾರದು. ಮೆಣಸಿನ ಬಳ್ಳಿಯನ್ನು ಮರದ ಉತ್ತರ ಅಥವಾ ಈಶಾನ್ಯ ಮಗ್ಗುಲಲ್ಲಿ ನೆಡತಕ್ಕದ್ದು. ಅಡಿಕೆಯ ಸಾಲನ್ನು ನೇರ ಉತ್ತರ ದಕ್ಷಿಣವಾಗಿ ಹಿಡಿಯದೆ, ದಕ್ಷಿಣದ ತುದಿಯನ್ನು ಪಶ್ಚಿಮಕ್ಕೆ 35 ಡಿಗ್ರಿ ಓರೆ ಮಾಡಿದರೆ ಒಂದು ಮರದ ನೆರಳು ಇನ್ನೊಂದರ ಕಾಂಡದ ಮೇಲೆ ಬಿದ್ದು ಬಿಸಿಲಿನ ಸೀಳು ಕಡಮೆಯಾಗುವುದು. ನಮ್ಮ ತೋಟಗಳ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ, ಎಂದರೆ ದಕ್ಷಿಣಾರ್ಧದಿಂದಲೇ ಬಂದುದು. ಮರವು ನಮ್ಮ ಸೂರ್ಯನಿಗೆ ಹೊಂದಿಕೊಂಡಿತು. ಪುಸ್ತಕದ ದಿಕ್ಕು ಹೊಂದಿಕೊಳ್ಳದು. ಮೇಲೆ ಹೇಳಿದ ಯಜಮಾನರು ಜೂನ್ ಮಳೆಗೆ ತೆರವಾದ ಅಂಚಿನಲ್ಲಿ ಹಾಲವಾಣದ ಗೂಟಗಳನ್ನು ನೆಡಿಸಿ ಮತ್ತೆ ನೆರಳು ಮಾಡಿಕೊಂಡರು. ಆದರೂ ಆ ಸಾಲುಗಳ ಫಸಲು ಕೆಲವು ವರ್ಷ ಕೈತಪ್ಪಿತು.

ದಿಕ್ಕನ್ನು ಅಂದಾಜಿನಿಂದ ಹಿಡಿಯಬಾರದು. ಧ್ರುವನಕ್ಷತ್ರವು ಇಲ್ಲಿ ಕ್ಷಿತಿಜದಿಂದ ಸುಮಾರು 12½ ಡಿಗ್ರಿ ಮೇಲಿದೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಎತ್ತರ. ಬೆಟ್ಟ ಅಡ್ಡವಿದ್ದರೆ ಕಾಣದು. ಬ್ರೆಜಿಲಿನ ಕಾಫಿ ಸೀಮೆಯಲ್ಲಂತೂ ಅದು ಎಂದಿಗೂ ಕಾಣದು. ಹಗಲಿನಲ್ಲಾದರೆ ಸಮತಟ್ಟಾದ ಬಯಲಿನಲ್ಲಿ ಗೂಟವನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನು ಮಧ್ಯವಾಗಿಟ್ಟು ಹಗ್ಗದಿಂದ ವೃತ್ತವನ್ನೆಳೆಯಿರಿ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಕಡ್ಡಿ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಕಡ್ಡಿ ಚುಚ್ಚಿದರೆ, ಇವೆರಡನ್ನು ಕೂಡಿಸುವ ಗೆರೆಯೇ ಪೂರ್ವ ಪಶ್ಚಿಮ. ಮಳೆ ಹಿಡಿದ ಮೇಲೆ ನೆರಳು ಸಿಕ್ಕದು. ಬೇಸಿಗೆಯಲ್ಲಿಯೇ ಗುರುತು ಮಾಡಿಸಿ ಆಮೇಲೆ ಗುಂಡಿ ತೆಗೆಯಿಸತಕ್ಕದ್ದು.