ಗೆದ್ದವರನ್ನು ಕೋರ್ಟು ಇಳಿಸಿದ್ದೇಕೆ?

ಪ್ರಶ್ನೆ: ಮಧ್ಯಪ್ರದೇಶದ ಒಂದು ಊರಿನಲ್ಲಿ ಮಂಗಳಮುಖಿಯೊಬ್ಬರು ಮೇಯರ್ ಆಗಿ ಗೆದ್ದರೂ ಕೋರ್ಟು ಆ ಆಯ್ಕೆಯನ್ನು ರದ್ದು ಮಾಡಿತಂತೆ. ಜನರೇ ಒಪ್ಪಿ ಆರಿಸಿದ ಮೇಲೆ ಕೋರ್ಟಿನ ತಕರಾರೇನು? ಈಗಲೂ ಹಾಗೆಯೇ ಆಗುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಗೊಂದಲ ನಿಮಗೊಬ್ಬರಿಗೇ ಅಲ್ಲ, ಚುನಾವಣಾಧಿಕಾರಿಗಳಿಗೂ ಇತ್ತು.

ನೀವು ಓದಿದ್ದು ಕಮಲಾ ಜಾನ್ ಅವರ ಸಂಗತಿ ಇರಬೇಕು. ಊರು ಕಟ್ನಿ, ಸುಣ್ಣಕ್ಕೂ ರೈಲ್ವೆ ಜಂಕ್ಷನ್ನಿಗೂ ಹೆಸರಾದ ಊರು. ನಮ್ಮಲ್ಲಿ ಪಾಲಿಕೆ ಸದಸ್ಯರು ಸೇರಿ ಮೇಯರನ್ನು ಆರಿಸುತ್ತಾರಷ್ಟೆ? ಅಲ್ಲಿ ಆಗ ಮತದಾರರೇ ನೇರವಾಗಿ ಆರಿಸುತ್ತಿದ್ದರು. ಈ ವ್ಯತ್ಯಾಸ ಸಣ್ಣದಲ್ಲ. ಪಕ್ಷಗಳ ಬೆಂಬಲವಿಲ್ಲದಿದ್ದರೂ ಊರಿನ ಜನಕ್ಕೆ ಬೇಕಾದವರು ಗೆಲ್ಲಬಹುದು. ಛತ್ತೀಸಗಢದ ರಾಯಗಢದಲ್ಲಿ 2015ರಲ್ಲಿ ಆದದ್ದೂ ಅದೇ. ರೈಲುಗಳಲ್ಲಿ ಹಾಡಿ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಮಂಗಳಮುಖಿ ಮಧು ಕಿನ್ನರ್ ಪಕ್ಷೇತರರಾಗಿ ನಿಂತು, ಬಿಜೆಪಿ ಅಭ್ಯರ್ಥಿಯನ್ನು 4,537 ಮತಗಳಿಂದ ಸೋಲಿಸಿ ಮೇಯರ್ ಆದರು. ನಗರದ ವಿದ್ಯಾವಂತರು ಮುಂದೆ, ಸಣ್ಣ ಊರಿನವರು ಹಿಂದೆ ಎಂದು ನಾವು ಲೆಕ್ಕ ಹಾಕುತ್ತೇವೆ. ದಿನಾ ಕಣ್ಣೆದುರು ಓಡಾಡುವವರ ವಿಷಯದಲ್ಲಿ ಆ ಲೆಕ್ಕ ತಪ್ಪುವುದುಂಟು.

ಕಟ್ನಿಯ ತೊಡಕು ಬೇರೆಯೇ. ಅಲ್ಲಿನ ಮೇಯರ್ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಆಯ್ಕೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದವರ ವಾದ, ಕಮಲಾ ಜಾನ್ ಕಾನೂನಿನ ಪ್ರಕಾರ ಮಹಿಳೆಯಲ್ಲ ಎಂಬುದು. ಕೆಳ ನ್ಯಾಯಾಲಯ ಅದನ್ನು ಒಪ್ಪಿತು. 2003ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ಇಲ್ಲಿ ಹಲವರು ಎಡವುತ್ತಾರೆ. ಮಂಗಳಮುಖಿಯರು ಚುನಾವಣೆಗೇ ನಿಲ್ಲಬಾರದೆಂದು ಕೋರ್ಟು ಹೇಳಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ಹೇಳಿದ್ದು ಆ ಮೀಸಲು ಸ್ಥಾನದ ಮಟ್ಟಿಗೆ ಮಾತ್ರ. ಅದೇ ರಾಜ್ಯದ ಸೋಹಾಗಪುರದಿಂದ ಆರಿಸಿಬಂದ ಮಂಗಳಮುಖಿ ಶಬನಮ್ ಮೌಸಿ ವಿಧಾನಸಭೆಯಲ್ಲಿ ಕುಳಿತಿದ್ದರು. ವಿಧಾನಸಭೆಯಲ್ಲಿ ಆಗ ಮಹಿಳಾ ಮೀಸಲಾತಿ ಇರಲಿಲ್ಲ, ಹಾಗಾಗಿ ‘ನೀವು ಹೆಣ್ಣೋ ಗಂಡೋ’ ಎಂದು ಕಾನೂನು ಕೇಳುವ ಪ್ರಸಂಗವೇ ಬರಲಿಲ್ಲ. ಮೀಸಲಾತಿ ಇದ್ದದ್ದು ಪಂಚಾಯಿತಿ, ಪುರಸಭೆ, ಪಾಲಿಕೆಗಳಲ್ಲಿ. ಅದು ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ನಂತರ ಬಂದದ್ದು. ಹೆಣ್ಣುಮಕ್ಕಳಿಗೆಂದು ತೆರೆದ ಬಾಗಿಲಲ್ಲಿ ಇವರನ್ನು ತಡೆದು ನಿಲ್ಲಿಸಿದಂತಾಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದನ್ನು ‘ತೃತೀಯ ಲಿಂಗಕ್ಕೆ ಮಾನ್ಯತೆ’ ಎಂದಷ್ಟೇ ಪತ್ರಿಕೆಗಳು ಬರೆದವು. ಆದರೆ ಆ ತೀರ್ಪು ಗಂಡು, ಹೆಣ್ಣು ಅಥವಾ ತೃತೀಯ ಲಿಂಗಿ ಎಂದು ತನ್ನನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನೂ ಎತ್ತಿಹಿಡಿಯಿತು. ಮುಂದಿನ ಪ್ರಕರಣಕ್ಕೆ ಆಧಾರವಾದದ್ದು ಈ ಮಾತೇ.

ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಭಾದಲಿ ಬುದ್ರುಕ್ ಎಂಬ ಹಳ್ಳಿಯಿದೆ. ಅಲ್ಲಿಯ ಮಂಗಳಮುಖಿ ಅಂಜಲಿ ಪಾಟೀಲ್ ಗ್ರಾಮ ಪಂಚಾಯಿತಿಯ ಮಹಿಳಾ ಮೀಸಲು ವಾರ್ಡಿನಿಂದ ನಾಮಪತ್ರ ಹಾಕಿದರು. ಚುನಾವಣಾಧಿಕಾರಿ ತಿರಸ್ಕರಿಸಿದರು. ಅಂಜಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠಕ್ಕೆ ಹೋದರು. 2021ರ ಜನವರಿ ಮೊದಲ ವಾರದಲ್ಲೇ ಪೀಠ ಅವರಿಗೆ ಅವಕಾಶ ಕೊಟ್ಟಿತು. ಬದುಕಿನುದ್ದಕ್ಕೂ ಹೆಣ್ಣಾಗಿ ಗುರುತಿಸಿಕೊಳ್ಳುವ ಆಯ್ಕೆಯನ್ನು ಅವರು ಮಾಡಿಕೊಂಡಿದ್ದಾರೆ ಎಂಬುದನ್ನು ಒಪ್ಪಿದ ನ್ಯಾಯಾಲಯ, ಮುಂದೆ ಅನುಕೂಲ ನೋಡಿಕೊಂಡು ಗಂಡಸರ ಸಾಲಿಗೆ ಸೇರುವಂತಿಲ್ಲ ಎಂದೂ ಹೇಳಿತು. ಅದೇ ತಿಂಗಳು ಮತದಾನವಾಯಿತು, ಅಂಜಲಿ ಗೆದ್ದರು. ಕಟ್ನಿಯಂತೆಯೇ ಇಲ್ಲಿಯೂ ಮತದಾರರಿಗೆ ಅನುಮಾನ ಇದ್ದಂತೆ ಕಾಣುವುದಿಲ್ಲ. ಅನುಮಾನವೆಲ್ಲ ನಾಮಪತ್ರ ಪರಿಶೀಲನೆಯ ಮೇಜಿನ ಮೇಲೆಯೇ.

ನಮ್ಮ ರಾಜ್ಯದ ಮಾತೇನು ಎಂದು ನೀವು ಕೇಳಬಹುದು. ಬಾಂಬೆ ಹೈಕೋರ್ಟಿನ ತೀರ್ಪು ಕರ್ನಾಟಕ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು. ಸುಪ್ರೀಂ ಕೋರ್ಟಿನ ತೀರ್ಪಾದರೋ ಎಲ್ಲರಿಗೂ ಅನ್ವಯ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಿರುವುದರಿಂದ, ಇದು ಎಲ್ಲೋ ಒಂದೆರಡು ವಾರ್ಡುಗಳ ಪ್ರಶ್ನೆಯಲ್ಲ. 2023ರ ಸಂವಿಧಾನ ತಿದ್ದುಪಡಿಯಂತೆ ವಿಧಾನಸಭೆ, ಲೋಕಸಭೆಗಳಲ್ಲಿ ಮಹಿಳಾ ಮೀಸಲಾತಿ ನಡೆಯತೊಡಗಿದರೆ, ಶಬನಮ್ ಮೌಸಿಗೆ ಎದುರಾಗದ ಪ್ರಶ್ನೆ ಅಲ್ಲಿಯೂ ಏಳುತ್ತದೆ.