ನೆಲವಿಲ್ಲದ ಕಡೆ ಅರ್ಥಿಂಗ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಅರ್ಥಿಂಗ್ ಪಾಠ ಬೇಕಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಒಂದು ಕೊಡ ನೀರು ಹೊಯ್ಯುತ್ತಾರೆ; ಸೋರಿದ ಕರೆಂಟ್ ನೆಲಕ್ಕೆ ಇಳಿಯುತ್ತದೆ. ಉಪಗ್ರಹಕ್ಕೆ ಆ ನೆಲವಿಲ್ಲ. ಅದರ ಸುತ್ತ ಇರುವುದು ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ. ಅಲ್ಲಿ ವೋಲ್ಟೇಜ್ ಏರಿಸುವಾಗ ಹೊರಗಿನ ಪ್ಲಾಸ್ಮಾವನ್ನೂ ಸರ್ಕ್ಯೂಟಿನ ಭಾಗವೆಂದೇ ಎಣಿಸಬೇಕು ಎಂಬುದು ಈ ವಿಷಯದ ಬೆನ್ನುಹತ್ತಿ ನಾನು ಕಲಿತದ್ದು.

ಬರಿದಾದ ಬಾಹ್ಯಾಕಾಶದಲ್ಲಿ ಕರೆಂಟ್ ಎಲ್ಲಿಂದ ಹರಿಯಬೇಕು ಎಂದು ಕೇಳಬಹುದು. ಅದು ಅಷ್ಟೇನೂ ಬರಿದಲ್ಲ. ಸುಮಾರು 400 ಕಿ.ಮೀ. ಎತ್ತರದಲ್ಲಿ ಹಗಲು ಒಂದು ಘನ ಸೆಂಟಿಮೀಟರಿನಲ್ಲಿ ಲಕ್ಷಗಟ್ಟಲೆ ಎಲೆಕ್ಟ್ರಾನುಗಳಿರುತ್ತವೆ. ಅಯಾನುಗಳಿಗಿಂತ ಹಗುರಾದ್ದರಿಂದ ಅವು ಬೇಗ ಬಂದು ಮೇಲ್ಮೈ ಸೇರುತ್ತವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದೊಡ್ಡ ಸೌರಫಲಕಗಳು 160 ವೋಲ್ಟಿನವು, ಅವುಗಳ ಋಣ ತುದಿ ನಿಲ್ದಾಣದ ಚೌಕಟ್ಟಿಗೇ ಕಟ್ಟಿದೆ. ಹೀಗಾಗಿ ಇಡೀ ಚೌಕಟ್ಟು ಮೈನಸ್ 140 ವೋಲ್ಟಿನವರೆಗೆ ಇಳಿಯಬಹುದೆಂದು ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ಅಲ್ಯೂಮಿನಿಯಂ ಮೇಲಿನ ತೆಳು ಲೇಪ ತೂತಾಗಿ ಕಿಡಿ ಹಾರಿದರೆ ಹೊರಗೆ ಕೆಲಸ ಮಾಡುವ ಗಗನಯಾನಿಗೇ ಅಪಾಯ. ಅದಕ್ಕೇ 2000ರಲ್ಲಿ ಕ್ಸೆನಾನ್ ಅನಿಲದಿಂದ ನಡೆಯುವ ಉಪಕರಣ ಕೂರಿಸಿದರು. ಹೆಚ್ಚಾದ ಎಲೆಕ್ಟ್ರಾನುಗಳನ್ನು ಅದು ಹೊರಗೆ ಬಿಡುತ್ತದೆ.

ವೋಲ್ಟೇಜ್ ಕಡಿಮೆ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. 160ರ ಬದಲು 28 ವೋಲ್ಟಿನಲ್ಲಿ ಅಷ್ಟೇ ವಿದ್ಯುತ್ ಒಯ್ಯಲು ಸುಮಾರು ಆರು ಪಟ್ಟು ಕರೆಂಟ್ ಬೇಕು. ಅದೇ ತಂತಿಯಲ್ಲಿ ನಷ್ಟ ಮೂವತ್ತು ಪಟ್ಟು ಮೀರುತ್ತದೆ. ದಪ್ಪ ತಾಮ್ರ ಹಾಕಿದರೆ ಆ ಭಾರ ರಾಕೆಟ್ಟಿನ ತಲೆಗೆ. ಎಲ್ಲಕ್ಕೂ ಇನ್ಸುಲೇಷನ್ ಹೊದಿಸಿ ಎಂಬ ಮಾತನ್ನೂ ನಾನು ಒಪ್ಪಲಾರೆ. 36,000 ಕಿ.ಮೀ. ಎತ್ತರದಲ್ಲಿ ಪ್ಲಾಸ್ಮಾ ವಿರಳ, ಆದರೆ ಭೂಕಾಂತ ಕ್ಷೇತ್ರ ಕದಡಿದಾಗ ಸಾವಿರಾರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕಣಗಳು ಬಡಿಯುತ್ತವೆ. ಇನ್ಸುಲೇಷನ್ ಆ ಚಾರ್ಜನ್ನು ಬಿಟ್ಟುಕೊಡದೆ ಕೂಡಿಡುತ್ತದೆ. ಎರಡು ಸೌರಕೋಶಗಳ ನಡುವೆ ಮಿಲಿಮೀಟರಿನಷ್ಟು ಸಂದಿ: ಗಾಜಿನ ಅಂಚು, ಲೋಹದ ಬೆಸುಗೆ, ಕೆಳಗೆ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆ. ಕಿಡಿ ಹುಟ್ಟುವುದು ಅಲ್ಲಿ. ಅದು ತಾನಾಗಿ ಆರಿದರೆ ಚಿಂತೆಯಿಲ್ಲ. ಪಕ್ಕದ ಕೋಶಸಾಲಿನ ವೋಲ್ಟೇಜ್ ಹೆಚ್ಚಿದ್ದರೆ ಮಾತ್ರ ಫಲಕದ ಕರೆಂಟೇ ಕಿಡಿಯನ್ನು ಉರಿಸುತ್ತದೆ, ಕ್ಯಾಪ್ಟಾನ್ ಕರಿಕಾಗುತ್ತದೆ, ಆ ಕರಿಕಿನಲ್ಲೇ ಕರೆಂಟ್ ಹರಿದು ಶಾಶ್ವತ ಶಾರ್ಟ್ ಆಗುತ್ತದೆ. 1997ರಲ್ಲಿ ಟೆಂಪೊ-2 ಉಪಗ್ರಹ ಸುಮಾರು ಶೇ. 15ರಷ್ಟು ವಿದ್ಯುತ್ ಕಳೆದುಕೊಂಡದ್ದು ಹೀಗೆ. ಆಮೇಲೆ ಇಂಥ ಸಂದಿಗಳಿಗೆ ಸಿಲಿಕೋನ್ ತುಂಬುವುದು, ಅಕ್ಕಪಕ್ಕದ ಸಾಲುಗಳ ವೋಲ್ಟೇಜ್ ಅಂತರ ತಗ್ಗಿಸುವುದು ರೂಢಿಗೆ ಬಂತು.

ಇದು ಹೊರದೇಶದ ಚಿಂತೆಯಷ್ಟೇ ಅಲ್ಲ. 2017ರ ಜಿಸ್ಯಾಟ್-9 ಉಪಗ್ರಹದಲ್ಲಿ ಇಸ್ರೊ ಕ್ಸೆನಾನ್ ಪ್ಲಾಸ್ಮಾ ಥ್ರಸ್ಟರ್, ಅಂದರೆ ಉಪಗ್ರಹವನ್ನು ತಳ್ಳುವ ಎಂಜಿನ್ ಬಳಸಿತು. 2025ರಲ್ಲಿ 1,000 ಗಂಟೆಗಳ ಪರೀಕ್ಷೆ ಮುಗಿಸಿದ ಹೊಸ ಥ್ರಸ್ಟರಿಗೆ 5.4 ಕಿಲೋವಾಟ್ ಬೇಕು. ಇಂಥವು ನೂರಾರು ವೋಲ್ಟಿನಲ್ಲಿ ನಡೆಯುತ್ತವೆ, ಮೇಲಾಗಿ ತಾವೇ ಪ್ಲಾಸ್ಮಾ ಉಗುಳುತ್ತವೆ. ಹಾವೇರಿ, ರಾಣೆಬೆನ್ನೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಸರ್ಕ್ಯೂಟಿನ ಪುಸ್ತಕದ ಜೊತೆ ಪ್ಲಾಸ್ಮಾದ್ದೂ ಒಂದನ್ನು ಓದಿಕೊಳ್ಳಲಿ. ಉಪಗ್ರಹ ಕಟ್ಟುವ ಕೇಂದ್ರ ಇರುವುದು ಬೆಂಗಳೂರಿನಲ್ಲೇ.