ಗೇಮ್ ನಿಮ್ಮ ಕೈಯಲ್ಲಿರಲಿ: ಬ್ಯಾಟಲ್ ಪಾಸ್ ಕಾಲಕ್ಕೆ 8 ಸೂತ್ರಗಳು

ಕಾಲೇಜೋ ಆಫೀಸೋ ಮುಗಿಸಿ ಬಂದು ಗೇಮ್ ಓಪನ್ ಮಾಡುತ್ತೀರಿ. ಆಡುವ ಮೂಡ್ ಇಲ್ಲ. ಆದರೂ ಡೈಲಿ ಮಿಷನ್ ಮುಗಿಸದೆ ಮಲಗಲು ಮನಸ್ಸು ಒಪ್ಪುವುದಿಲ್ಲ. ಸೀಸನ್ ಮುಗಿಯಲು ನಾಲ್ಕೇ ದಿನ, ಪಾಸ್‌ನಲ್ಲಿ ಇನ್ನೂ 20 ಲೆವೆಲ್ ಬಾಕಿ. ಖುಷಿಗೆಂದು ಶುರು ಮಾಡಿದ ಆಟ ಸಂಬಳವಿಲ್ಲದ ಶಿಫ್ಟ್ ಆಗಿಬಿಟ್ಟಿದೆ.

ಇದಕ್ಕಾಗಿ ಗೇಮ್ ಬಿಡಬೇಕಿಲ್ಲ. ಯಾವಾಗ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಇವತ್ತೇ ಶುರು ಮಾಡಿ.

1. ಗಡುವಿನ ಹಿಂದಿರುವ ಲೆಕ್ಕ ತಿಳಿಯಿರಿ

2009ರಲ್ಲಿ ಬಂದ ಕೃಷಿ ಗೇಮ್ ಫಾರ್ಮ್‌ವಿಲ್‌ನಲ್ಲಿ ಬಿತ್ತಿದ ಸ್ಟ್ರಾಬೆರಿ ನಾಲ್ಕು ಗಂಟೆಗೆ ಕೊಯ್ಲಿಗೆ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಬೆಳೆ ಬಾಡುತ್ತಿತ್ತು. 2013ರಲ್ಲಿ ಡೋಟಾ 2 ಗೇಮ್ ತಂದ ಕಂಪೆಂಡಿಯಂನಿಂದ, ಸೀಸನ್ ಮುಗಿಯುವುದರೊಳಗೆ ಲೆವೆಲ್ ದಾಟಿ ಬಹುಮಾನ ಗಳಿಸುವ ಬ್ಯಾಟಲ್ ಪಾಸ್‌ನ ದಾರಿ ತೆರೆಯಿತು. 2017ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಅದನ್ನು ಜಗತ್ತಿನಾದ್ಯಂತ ಜನಪ್ರಿಯ ಮಾಡಿತು. ಎಲ್ಲದರ ಹಿಂದೆ ಇರುವುದು ಒಂದೇ ಸೂತ್ರ. ಗಳಿಸಿದ ಖುಷಿಗಿಂತ ಕಳೆದುಕೊಂಡ ನೋವು ಹೆಚ್ಚು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲೇ ವಿವರಿಸಿದ್ದರು. ಬಹುಮಾನಕ್ಕೆ ಗಡುವು ಅಂಟಿಸಿದ ಕೂಡಲೇ ಅದು ಸಿಗದಿದ್ದರೆ ನಷ್ಟ ಎನಿಸತೊಡಗುತ್ತದೆ. ಲೆಕ್ಕ ಗೊತ್ತಾದರೆ ಅರ್ಧ ಒತ್ತಡ ಅಲ್ಲೇ ಇಳಿಯುತ್ತದೆ.

2. ಬಹುಮಾನ ತೆಗೆದು ಪರೀಕ್ಷಿಸಿ

ಗೇಮ್ ತೆರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಯಾವ ಸ್ಕಿನ್ ಇಲ್ಲ, ಕಾಯಿನ್ ಇಲ್ಲ ಎಂದಾದರೂ ಆಡುತ್ತಿದ್ದೆನೇ? ಹೌದು ಎಂದರೆ ಆಡಿ. ಇಲ್ಲ ಎಂದರೆ ಫೋನ್ ಕೆಳಗಿಡಿ. 1973ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳಿಗೆ ಆಮೇಲೆ ಚಿತ್ರದ ಮೇಲಿನ ಆಸಕ್ತಿಯೇ ಕುಗ್ಗಿತು. ಬಹುಮಾನ ಮುಂದೆ ಬಂದರೆ ಇಷ್ಟ ಹಿಂದೆ ಸರಿಯುತ್ತದೆ.

3. ಸರ್ವರ್ ಟೈಮ್‌ಗೆ ನಿದ್ದೆ ಕೊಡಬೇಡಿ

ಗೆನ್ಶಿನ್ ಇಂಪ್ಯಾಕ್ಟ್‌ನ ಏಷ್ಯಾ ಸರ್ವರ್‌ನಲ್ಲಿ ದಿನ ಬದಲಾಗುವುದು ಅಲ್ಲಿನ ಬೆಳಗಿನ ಜಾವ 4 ಗಂಟೆಗೆ. ನಮ್ಮಲ್ಲಿ ಆಗ ರಾತ್ರಿ 1:30. ಬಹುಮಾನ ಪಡೆಯಲು ಖರ್ಚು ಮಾಡುವ ಅದರ ರೆಸಿನ್ 8 ನಿಮಿಷಕ್ಕೆ ಒಂದರಂತೆ ಏರುತ್ತದೆ, 200 ತುಂಬಲು 26 ಗಂಟೆ 40 ನಿಮಿಷ ಬೇಕು. ಅಂದರೆ ದಿನಕ್ಕೊಮ್ಮೆ ಬಂದು ಹೋಗುವಂತೆಯೇ ಅಳತೆ ಹಾಕಿಟ್ಟಿದ್ದಾರೆ. ನೀವು ಆಡುವ ಗೇಮ್ ಯಾವಾಗ ರೀಸೆಟ್ ಆಗುತ್ತದೆ ಎಂದು ನೋಡಿ. ನಂತರ ನಿಮ್ಮ ಆಟದ ಸಮಯವನ್ನು ನೀವೇ ಫಿಕ್ಸ್ ಮಾಡಿ. ಬೆಳಿಗ್ಗೆ ಕ್ಲಾಸ್‌ನಲ್ಲೋ ಮೀಟಿಂಗ್‌ನಲ್ಲೋ ಕೂರಬೇಕಾದವರು ನೀವು, ಸರ್ವರ್ ಅಲ್ಲ.

4. ಪಾಸ್ ಕೊನೆಯ ವಾರ ಕೊಳ್ಳಿ

ಸೀಸನ್‌ನ ಮೊದಲ ದಿನವೇ ದುಡ್ಡು ಕಟ್ಟಬೇಡಿ. ಫ್ರೀ ಟ್ರ್ಯಾಕ್‌ನಲ್ಲೇ ಆಡುತ್ತ ಹೋಗಿ. ಹೆಚ್ಚಿನ ಗೇಮ್‌ಗಳಲ್ಲಿ ಪಾಸ್ ತಡವಾಗಿ ಕೊಂಡರೂ ಅಲ್ಲಿಯವರೆಗೆ ದಾಟಿದ ಲೆವೆಲ್‌ಗಳ ಬಹುಮಾನ ಒಟ್ಟಿಗೆ ಕೈಗೆ ಬರುತ್ತದೆ. ಕೊನೆಯ ವಾರ ಸುಮ್ಮನೆ ಲೆಕ್ಕ ಹಾಕಿ. ಸಹಜವಾಗಿ ಆಡಿ ಮುಟ್ಟಿದ ಲೆವೆಲ್‌ಗೆ ಸಿಗುವ ವಸ್ತು ಆ ಬೆಲೆಗೆ ತಕ್ಕದ್ದೇ? ಹೌದಾದರೆ ಮಾತ್ರ ಕೊಳ್ಳಿ. ಮೊದಲೇ ಕಟ್ಟಿದ ಹಣ ಸಾಲದಂತೆ ಬೆನ್ನಟ್ಟುತ್ತದೆ, ಕೊಟ್ಟ ದುಡ್ಡು ದಂಡವಾಗಬಾರದೆಂದು ಎರಡು ತಿಂಗಳು ದುಡಿಸುತ್ತದೆ.

5. ಟೈಮರ್ ಕಂಡು ಓಡಬೇಡಿ

ಶಾಪ್‌ನಲ್ಲಿ ಸೆಕೆಂಡುಗಳು ಇಳಿಯುತ್ತಿದ್ದರೂ ತಕ್ಷಣ ಖರೀದಿ ಮಾಡಬೇಡಿ. ಐಟಂನ ಹೆಸರು ಬರೆದಿಡಿ, ಮರುದಿನ ಯೋಚಿಸಿ. ಟೈಮರ್ ಹೇಳುವುದೆಲ್ಲ ಸತ್ಯವಾಗಿರಲೇಬೇಕೆಂದಿಲ್ಲ. ಫೋರ್ಟ್‌ನೈಟ್ ಶಾಪ್‌ನಲ್ಲಿ ಟೈಮರ್ ಮುಗಿದ ಮೇಲೂ ಕೆಲವು ವಸ್ತುಗಳು ಸಿಗುತ್ತಿದ್ದವು, ಇದು ಮಕ್ಕಳನ್ನು ದಾರಿ ತಪ್ಪಿಸುವ ಕ್ರಮ ಎಂದು ನೆದರ್ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರ 2024ರಲ್ಲಿ ಹೇಳಿತು. ಬೇರೆ ಒತ್ತಡ ತಂತ್ರಗಳನ್ನೂ ಸೇರಿಸಿ ಅದರ ತಯಾರಕ ಕಂಪನಿ ಎಪಿಕ್ ಗೇಮ್ಸ್‌ಗೆ 11 ಲಕ್ಷ ಯೂರೋಗೂ ಹೆಚ್ಚು ದಂಡ ಹಾಕಿತು. ಕಂಪನಿ ಈ ತೀರ್ಮಾನವನ್ನು ಒಪ್ಪಲಿಲ್ಲ. ಪಾಠ ಮಾತ್ರ ಸ್ಪಷ್ಟ: ಅವಸರದಲ್ಲಿ ಕೊಂಡದ್ದು ನಿಜಕ್ಕೂ ಬೇಕಿತ್ತೋ ಎಂದು ಮರುದಿನವಷ್ಟೇ ಗೊತ್ತಾಗುತ್ತದೆ.

6. ಲಾಗಿನ್ ಸ್ಟ್ರೀಕ್ ಅನ್ನು ನೀವೇ ಮುರಿಯಿರಿ

ವಾರದಲ್ಲಿ ಒಂದು ದಿನ ಆರಿಸಿ. ಆ ದಿನ ಲಾಗಿನ್ ಬೇಡ. ನೋಟಿಫಿಕೇಶನ್ ಆಫ್ ಮಾಡಿ. ಒಂದು ದಿನ ಬಿಟ್ಟರೆ ಹಿಂದೆ ಬೀಳುತ್ತೇನೆ ಎಂಬ ಅನುಮಾನ ಬರುತ್ತದೆ, ಬರಲಿ. ಹೀಗೆ ಮೂರು ನಾಲ್ಕು ವಾರ, ವಾರಕ್ಕೊಂದು ದಿನ ಬಿಟ್ಟು ನೋಡಿದರೆ ನಿಮ್ಮ ರ್‍ಯಾಂಕ್, ಗೆಳೆಯರು, ಕೌಶಲ ಎಲ್ಲ ಇದ್ದಲ್ಲೇ ಇರುವುದು ಕಾಣುತ್ತದೆ. ಎಷ್ಟು ಪ್ರಯತ್ನಿಸಿದರೂ ಬಿಡಲಾಗುತ್ತಿಲ್ಲ, ಓದು, ನಿದ್ದೆ, ಕೆಲಸ ಕೆಡುತ್ತಿವೆ ಎಂದಾದರೆ ನೆರವು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ನೆರವು ಕೇಳುವುದೂ ಗೆಲ್ಲುವವರ ಲಕ್ಷಣ.

7. ಕಾಯುವ ಗೇಮ್ ಆರಿಸಿ

ಹೊಸ ಗೇಮ್ ಡೌನ್‌ಲೋಡ್ ಮಾಡುವ ಮುನ್ನ ಪಾಸ್ ಎಕ್ಸ್‌ಪೈರ್ ಆಗುತ್ತದೆಯೇ ಎಂದು ನೋಡಿ. ಹೇಲೋ ಇನ್ಫಿನಿಟ್‌ನಲ್ಲಿ ಕೊಂಡ ಬ್ಯಾಟಲ್ ಪಾಸ್‌ಗೆ ಮುಕ್ತಾಯದ ದಿನಾಂಕ ಇಲ್ಲ. 2024ರಲ್ಲಿ ಬಂದ ಹೆಲ್‌ಡೈವರ್ಸ್ 2ರ ವಾರ್‌ಬಾಂಡ್ ಎಂಬ ಪಾಸ್‌ಗಳೂ ಹಾಗೇ. ಪರೀಕ್ಷೆ ಮುಗಿಸಿ, ಪ್ರಾಜೆಕ್ಟ್ ಮುಗಿಸಿ ಬನ್ನಿ, ನೀವು ಬಿಟ್ಟ ಲೆವೆಲ್ ಅಲ್ಲೇ ಇರುತ್ತದೆ. ಗಡುವಿಲ್ಲದೆಯೂ ಒಳ್ಳೆಯ ಗೇಮ್ ನಡೆಸಬಹುದು ಎಂಬುದಕ್ಕೆ ಇವೇ ಸಾಕ್ಷಿ. ನಿಮ್ಮ ಸಮಯಕ್ಕೆ ಬೆಲೆ ಕೊಡುವವರಿಗೆ ನಿಮ್ಮ ದುಡ್ಡು ಕೊಡಿ.

8. ಅದೇ ತಂತ್ರವನ್ನು ನಿಮ್ಮ ಗುರಿಗೆ ಬಳಸಿ

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾರ್ ವಾಶ್ ಗ್ರಾಹಕರಿಗೆ ಎರಡು ಬಗೆಯ ಕಾರ್ಡ್ ಹಂಚಿದರು. ಒಂದರಲ್ಲಿ 8 ಖಾಲಿ ಮನೆ. ಇನ್ನೊಂದರಲ್ಲಿ 10 ಮನೆ, ಎರಡಕ್ಕೆ ಮೊದಲೇ ಸೀಲ್. ಎರಡರಲ್ಲೂ ಬಾಕಿ ಇದ್ದದ್ದು ಎಂಟೇ ವಾಶ್. ಮೊದಲ ಕಾರ್ಡ್ ಪೂರ್ತಿ ಮಾಡಿದವರು ಶೇ. 19, ಎರಡನೆಯದನ್ನು ಮಾಡಿದವರು ಶೇ. 34. ಶುರುವಾಗಿದೆ ಎಂಬ ಭಾವನೆಯೇ ಮುಂದೆ ತಳ್ಳುತ್ತದೆ. ಪಾಸ್‌ನ ಮೊದಲ ಲೆವೆಲ್‌ಗಳು ಸಲೀಸಾಗಿ ದಾಟಿದಾಗ ಇದೇ ಹುರುಪು ಸಿಗುತ್ತದೆ. ಇದನ್ನು ನಿಮ್ಮ ಓದಿಗೆ ತನ್ನಿ. ಕೆಪಿಎಸ್‌ಸಿ ಇರಲಿ, ಗೇಟ್ ಇರಲಿ, ಸಿಲಬಸ್ಸನ್ನು ಒಂದು ಚಾರ್ಟ್‌ನಲ್ಲಿ ಬರೆದು ಗೋಡೆಗೆ ಅಂಟಿಸಿ. ಈಗಾಗಲೇ ಓದಿದ ಚಾಪ್ಟರ್‌ಗಳಿಗೆ ಮೊದಲು ಟಿಕ್ ಹಾಕಿ. ನಂತರ ದಿನಕ್ಕೊಂದು ಸಣ್ಣ ಮಿಷನ್ ಇಟ್ಟುಕೊಳ್ಳಿ.

ಅರ್ಜಿಯ ಕೊನೆಯ ದಿನ, ಪರೀಕ್ಷೆಯ ದಿನ, ಇಂಟರ್‌ವ್ಯೂ ದಿನ: ಈ ಗಡುವುಗಳು ನಿಮ್ಮ ಬದುಕು ಬದಲಿಸಬಲ್ಲವು. ದಿನದ ಚುರುಕಾದ ಗಂಟೆಗಳನ್ನು ಇವಕ್ಕೆ ಕೊಡಿ. ಕೆಲಸ ಮುಗಿದ ಮೇಲೆ, ಮನಸ್ಸು ಬಂದ ದಿನ, ಗೇಮ್ ತೆರೆದು ಮನಸಾರೆ ಆಡಿ.